ಎಲೆ ತಿನ್ನದ ತುಟಿ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಮನೆ ಹಾನಗಲ್ಲಿನಲ್ಲಿ, ಆದರೆ ಸೋಮವಾರ ಹಿರೇಕೆರೂರು, ಮಂಗಳವಾರ ಶಿಗ್ಗಾವಿ, ಗುರುವಾರ ಸವಣೂರು. ಮಕ್ಕಳ ಡಾಕ್ಟರು ಕಡಿಮೆ ಇರುವ ಸೀಮೆಯಲ್ಲಿ ಇದು ದೊಡ್ಡ ಸೇವೆ ಎಂದು ಜನ ಹೊಗಳುತ್ತಾರೆ. ಸೇವೆಯೂ ಇಲ್ಲ, ಮಣ್ಣೂ ಇಲ್ಲ, ಬರೀ ಚಟ. ಒಂದೇ ಕುರ್ಚಿಯಲ್ಲಿ ಎರಡು ದಿನ ಕೂತರೆ ಮೇಜಿನ ಕೆಳಗೆ ನನ್ನ ಕಾಲು ತಾನಾಗಿಯೇ ಕುಣಿಯತೊಡಗುತ್ತದೆ. "ನಮ್ಮ ಡಾಕ್ಟರಮ್ಮನ ಕಾಲಾಗ ಚಕ್ರ ಐತಿ ನೋಡ್ರಿ" ಎಂದು ಸವಣೂರಿನ ನರ್ಸ್ ಬಂದವರ ಮುಂದೆಲ್ಲ ನಗೆಯಾಡುತ್ತಾಳೆ.

ಈ ತಿರುಗಾಟದಲ್ಲಿ ಒಂದು ಕೊರತೆಯಿದೆ. ಈ ಗುರುವಾರ ನೋಡಿದ ಮಗುವನ್ನು ಮತ್ತೆ ನೋಡುವುದು ಮುಂದಿನ ಗುರುವಾರವೇ.

ಹೋದ ವರ್ಷ ಮದುವೆಗಳ ಕಾಲದಲ್ಲಿ ಸವಣೂರಿನ ತಾಯಿಯೊಬ್ಬಳು ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಜ್ವರ ಬಂದು ಎರಡು ದಿನ. ಎಡಗಡೆ ದವಡೆಯ ಕೆಳಗೆ ಲಿಂಬೆಹಣ್ಣಿನಷ್ಟು ಬಾವು, ಅದರ ಮೇಲೆ ಹಚ್ಚಿದ ಸುಣ್ಣ-ಬೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಚಿಕ್ಕಪ್ಪನ ಮದುವೆಯಂತೆ, ಎರಡೂ ಅಂಗೈ ತುಂಬ ಮೆಹಂದಿ. ಕಣ್ಣು ಕೆಂಪಗಿದ್ದವು; ದಾರಿಯುದ್ದಕ್ಕೂ ಅತ್ತಿದ್ದಾಳೆ ಅಂದುಕೊಂಡೆ. ತುಟಿಗಳಂತೂ ರಂಗೇರಿದ್ದವು.

ಸವಣೂರೆಂದರೆ ವೀಳ್ಯದೆಲೆ. ಈ ಊರಲ್ಲಿ ಕೆಂಪು ತುಟಿ ಕಂಡರೆ ಯಾವ ಡಾಕ್ಟರೂ ರೋಗ ನೆನೆಯುವುದಿಲ್ಲ.

"ಇಷ್ಟ ಸಣ್ಣ ಕೂಸಿಗೆ ಎಲಿ ತಿನ್ನಿಸ್ತೀರೇನ್ರಿ? ತುಟಿ ನೋಡ್ರಿ ಹೆಂಗಾಗ್ಯಾವು!" ಎಂದು ಗದರಿದೆ.

"ಇಲ್ರಿ ಮೇಡಂ, ಅದು..." ಎಂದು ಆಕೆ ಶುರುಮಾಡಿದಳು. ನಾನಾಗಲೇ ಚೀಟಿ ಬರೆಯುತ್ತಿದ್ದೆ. ಹೊರಗೆ ಇಪ್ಪತ್ತು ಜನ ಕಾದಿದ್ದರು. ಅಂದೇ ಬೆಳಗ್ಗೆ ಮಂಗನಬಾವಿನ ಇಬ್ಬರು ಮಕ್ಕಳನ್ನು ನೋಡಿ ಕಳಿಸಿದ್ದೆ. ಇದು ಮೂರನೆಯದು. ಎಲೆ ಬಿಡಿಸಿ, ನೀರು ಕುಡಿಸಿ, ಮುಂದಿನ ವಾರ ಬನ್ನಿ ಎಂದು ಕಳಿಸಿಬಿಟ್ಟೆ.

ಸೋಮವಾರ ಹಿರೇಕೆರೂರಿನಲ್ಲಿ ಮಾಸೂರಿನ ಮುದುಕಿಯೊಬ್ಬಳು ಮೊಮ್ಮಗನನ್ನು ಕರೆತಂದಿದ್ದಳು. ಹುಡುಗನಿಗೆ ಬರೀ ಕೆಮ್ಮು. ಆದರೆ ಮಾತಾಡಲು ಬಾಯಿ ತೆರೆದ ಮುದುಕಿಯ ಹಲ್ಲು, ನಾಲಿಗೆ ಎಲ್ಲ ಎಲೆಯಡಿಕೆಯಿಂದ ಕಂದಿದ್ದವು. ನನ್ನ ಸ್ಟೆತಾಸ್ಕೋಪು ಹುಡುಗನ ಎದೆಯ ಮೇಲೆಯೇ ನಿಂತಿತು. ಸವಣೂರಿನ ಆ ಹುಡುಗಿ ಅತ್ತಾಗ ಹಲ್ಲು ಕಂಡಿದ್ದೆ. ಹಾಲಿನಂತೆ ಬೆಳ್ಳಗಿದ್ದವು. ಎಲೆ ತಿಂದಿದ್ದರೆ ಹಲ್ಲಿಗೆ ಹತ್ತದ ಬಣ್ಣ ತುಟಿಗೆ ಮಾತ್ರ ಹೇಗೆ ಹತ್ತೀತು?

ಫೋನು ಮಾಡೋಣವೆಂದರೆ ನಂಬರಿಲ್ಲ. ಅವಸರದಲ್ಲಿ ಬರೆದುಕೊಂಡೇ ಇರಲಿಲ್ಲ. ಅಂದು ಊಟ ರುಚಿಸಲಿಲ್ಲ, ಹಾಸಿಗೆಯೂ ಹಿಡಿಸಲಿಲ್ಲ. ಮಕ್ಕಳಿಗೆ ಅಪರೂಪಕ್ಕೆ ಬರುವ ಕಾವಾಸಾಕಿ ಎಂಬ ಕಾಯಿಲೆಯಿದೆ. ಮೈಯ ರಕ್ತನಾಳಗಳೆಲ್ಲ ಉರಿದು ಊದಿಕೊಳ್ಳುತ್ತವೆ. ಕುತ್ತಿಗೆಯ ಬಾವು ಅದರ ಒಂದು ಗುರುತು ಮಾತ್ರ; ಕೆಂಪು ಕಣ್ಣು, ಕೆಂಪು ತುಟಿ, ಕೆಂಪಗೆ ಊದಿದ ಅಂಗೈ ಅಂಗಾಲು ಉಳಿದವು. ಹತ್ತು ದಿನದೊಳಗೆ ಹಿಡಿಯದಿದ್ದರೆ ಅದು ಹೃದಯದ ನಾಳಗಳನ್ನು ಕೆಡಿಸಿಬಿಡಬಹುದು. ಇಷ್ಟು ವರ್ಷಗಳಲ್ಲಿ ನಾನು ಅದನ್ನು ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಬೆರಳು ಮಡಚಿ ಎಣಿಸಿದೆ. ಮರುದಿನಕ್ಕೆ ಹುಡುಗಿಯ ಜ್ವರಕ್ಕೆ ಏಳು ದಿನ.

ಮಂಗಳವಾರ ಶಿಗ್ಗಾವಿಯಲ್ಲಿ ನನ್ನ ಬಾಗಿಲಿಗೆ ಬಂದವರು ನನ್ನನ್ನು ಬೈದುಕೊಂಡಿರಬೇಕು. ನಾನು ನಸುಕಿನಲ್ಲೇ ಸವಣೂರಿಗೆ ಹೋಗಿ, ನರ್ಸನ್ನು ಎಬ್ಬಿಸಿಕೊಂಡು, ಕೇಳುತ್ತ ಕೇಳುತ್ತ ಎಲೆತೋಟದ ಪಕ್ಕದ ಆ ಮನೆ ಹುಡುಕಿದೆ. ಹುಡುಗಿ ಹೊರಸಿನ ಮೇಲೆ ಮಲಗಿದ್ದಳು. ಜ್ವರ ಇಳಿದಿರಲಿಲ್ಲ. ತುಟಿ ಒಡೆದು ಇನ್ನಷ್ಟು ಕೆಂಪಾಗಿದ್ದವು.

"ಎಲಿ ಯಾವತ್ತು ತಿಂದಿದ್ದಳ್ರಿ?" ಎಂದು ಕೇಳಿದೆ.

"ಅವತ್ತ ಹೇಳಾಕತ್ತಿದ್ದೆ, ನೀವು ಕೇಳ್ಲಿಲ್ರಿ," ಎಂದಳು ತಾಯಿ. "ನಮ್ಮನ್ಯಾಗ ಯಾರೂ ಎಲಿ ತಿನ್ನಂಗಿಲ್ರಿ. ತ್ವಾಟ ಐತಿ, ಬೆಳದು ಮಾರ್ತೇವಿ, ಅಷ್ಟರಿ."

ಅಂಗೈ ನೋಡಿದೆ. ಮೆಹಂದಿಯಲ್ಲಿ ಏನೂ ತಿಳಿಯಲಿಲ್ಲ. ಹೊದಿಕೆ ಸರಿಸಿ ಪಾದ ತಿರುಗಿಸಿದೆ. ಅಂಗಾಲಿಗೆ ಯಾರೂ ಮೆಹಂದಿ ಹಚ್ಚಿರಲಿಲ್ಲ. ಅವು ಊದಿಕೊಂಡು ಕೆಂಪಗೆ ಹೊಳೆಯುತ್ತಿದ್ದವು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ. ನನಗೆ ಕೆಂಪೆಲ್ಲ ಎಲೆಯಾಗಿ, ಮೆಹಂದಿಯಾಗಿ, ಅಳುವಾಗಿ ಕಂಡಿತ್ತು. ನಾಚಿಕೆಯಾಯಿತು, ಹೆದರಿಕೆ ಅದಕ್ಕಿಂತ ಹೆಚ್ಚಾಯಿತು.

ನನ್ನ ಕಾರಿನಲ್ಲೇ ಹುಬ್ಬಳ್ಳಿಗೆ ಕರೆದೊಯ್ದೆ. ಅಲ್ಲಿ ಹೃದಯದ ಸ್ಕ್ಯಾನ್ ಮಾಡಿದರು. ಒಂದು ನಾಳ ಆಗಲೇ ಕೊಂಚ ಅಗಲವಾಗಿತ್ತು. ಅಂದೇ ಡ್ರಿಪ್ ಹಾಕಿ ಔಷಧ ಇಳಿಸಿದರು, ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಮುಂದಿನ ವಾರ ಬೆರಳ ತುದಿಯ ಚರ್ಮ ಸುಲಿಯತೊಡಗಿ, ಅದರ ಜೊತೆಗೆ ಮೆಹಂದಿಯೂ ಉದುರಿತು. "ಎರಡನೇ ದಿನಕ್ಕ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಬಿಡ್ರಿ" ಎಂದು ಅಲ್ಲಿಯ ಹಿರಿಯ ಡಾಕ್ಟರು ಸಮಾಧಾನ ಹೇಳಿದರು. ಇರಬಹುದು. ಆದರೆ ಆ ತಾಯಿಯ ಮಾತು ಮುಗಿಯುವವರೆಗೆ ಕಾಯಬಹುದಿತ್ತಲ್ಲ? ಕಾದಿದ್ದರೆ, "ನಾಳೆ ಹಾನಗಲ್ಲಿಗೆ ಬಂದು ಮತ್ತ ತೋರಸ್ರಿ" ಅನ್ನುತ್ತಿದ್ದೆ.

ಮೂರು ಸಲ ಸ್ಕ್ಯಾನ್ ಆಯಿತು. ಒಂದೊಂದು ಸಲವೂ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಮೂರನೆಯ ಸಲ ನಾಳ ತನ್ನ ಅಳತೆಗೆ ಮರಳಿತ್ತು.

ಹುಡುಗಿ ಈಗಲೂ ಆಗೊಮ್ಮೆ ಈಗೊಮ್ಮೆ ಗುರುವಾರ ಬರುತ್ತಾಳೆ. ಚುರುಕಾಗಿದ್ದಾಳೆ, ಮೈ ತುಂಬಿಕೊಂಡಿದ್ದಾಳೆ. ಆದರೆ ನನ್ನ ಬಾಗಿಲಲ್ಲಿ ಮಾತ್ರ ನಿಂತುಬಿಡುತ್ತಾಳೆ. ನಾನು ಏನೂ ಕೇಳುವ ಮೊದಲೇ ಬಾಯಿ ಅಗಲ ತೆರೆದು ಹಲ್ಲು ತೋರಿಸಿ, ಅಳು ಬಂದಂತೆ ಹೇಳುತ್ತಾಳೆ:

"ನಾ ಎಲಿ ತಿಂದಿಲ್ರಿ."