ಸೀಲಿಂಗಿನೊಳಗೆ ಮುಚ್ಚಿಹೋದ ಕೊಂಡಿ

ಚಿಕ್ಕರಾಜು ಹಾಕಿದ ಜಿಪ್ಸಂ ಸೀಲಿಂಗಿಗೆ ದಸರಾ ಆನೆಯನ್ನು ಅಂಬಾರಿ ಸಮೇತ ನೇತುಹಾಕಿದರೂ ಒಂದು ಸ್ಕ್ರೂ ಅಲುಗದು ಎಂದು ಚನ್ನಪಟ್ಟಣವೆಲ್ಲ ನಂಬಿತ್ತು, ನಂಬಿಸಿದವನೂ ಅವನೇ. ಆದರೆ ಮಕ್ಕಳಾಗಲೆಂದು ಜನ ಹರಕೆ ತೊಟ್ಟಿಲು ಕಟ್ಟುವ ದೊಡ್ಡಮಳೂರಿನಲ್ಲೇ, ಭದ್ರಮ್ಮನ ಹೊಸ ಮನೆಯಲ್ಲಿ, ತಾರಸಿಗೆ ಕೂರಿಸಿದ್ದ ತೊಟ್ಟಿಲ ಕೊಂಡಿಯನ್ನು ಬೋರ್ಡಿನೊಳಗೆ ಮುಚ್ಚಿಬಿಟ್ಟಿದ್ದ. ಮಾರನೆಯ ದಿನವೇ ಮೊಮ್ಮಗಳ ನಾಮಕರಣ.

"ಆನೆ ತೂಗಾಕ್ತೀನಿ ಅಂದೋನು ಕೂಸು ತೂಗೋಕೆ ಜಾಗ ಬುಡ್ಲಿಲ್ವಲ್ಲಪ್ಪಾ!" ಎಂದರು ಭದ್ರಮ್ಮ.

"ಬೋರ್ಡು ಕೂಸಿನ ಭಾರನೂ ತಡೆಯಲ್ಲ ಕಣವ್ವಾ, ಕುಯ್ಯಲೇಬೇಕು" ಎಂದು ಒಪ್ಪಿಕೊಂಡು, ಹಾಲಿನಂಥ ಸೀಲಿಂಗಿಗೆ ಕೈಯಾರೆ ಗರಗಸ ಇಟ್ಟ. ಮನೆಮಂದಿಯೆಲ್ಲ ಮಗುವಿನ ಸುತ್ತ ನೆರೆದಿದ್ದರು. ಏಣಿಯ ಮೇಲೆ ಅವನೊಬ್ಬನೇ. ಕೊಂಡಿ ಸಿಕ್ಕಿತು. ಸುತ್ತ ಅಂಚು ನಯಮಾಡಿ, ಹಗ್ಗ ಬಿಗಿದು, ತಾನೇ ಜೋತುಬಿದ್ದು ನೋಡಿದ.

ತೊಟ್ಟಿಲು ಕಟ್ಟಿದ ಮೇಲೆ ಭದ್ರಮ್ಮ ರೇಗಿಸಿದರು: "ಇಷ್ಟು ದಪ್ಪ ಕೊಂಡಿ ಕಣ್ಣಿಗೆ ಬೀಳ್ಲಿಲ್ವಾ? ನಿಮ್ಮನೇಲಿ ಇಲ್ವೇನಪ್ಪಾ?"

ಅವನ ಹೆಂಡತಿ ಇದೇ ಊರಲ್ಲಿ ಹರಕೆ ತೊಟ್ಟಿಲು ಕಟ್ಟಿ, ಕೂಸಿಗಾಗಿ ಕಾದು ಕಾದು ತೀರಿಕೊಂಡಿದ್ದಳು. ಚಿಕ್ಕರಾಜು ಮೈಮೇಲಿನ ಬಿಳಿ ಪುಡಿ ಕೊಡವಿದ.

"ಐತೆ ಕಣವ್ವಾ. ಈರುಳ್ಳಿ ನೇತಾಕಿದೀನಿ. ಅವು ಅಳಲ್ಲ, ನನ್ನ ಅಳಿಸ್ತವೆ ಅಷ್ಟೇ."