ಎಮ್ಮೆ ಇಲ್ಲದ ಪುಸ್ತಕ

ನರಸಮ್ಮನ ಮಾತು ನಿಂತುಹೋದ ಸಂಜೆಯನ್ನು ಆ ಬೀದಿಯವರು ಇನ್ನೂ ಮರೆತಿಲ್ಲ. ಅದಕ್ಕೂ ಮೊದಲು ಆಕೆಯ ಮಾತು ನಿಂತದ್ದನ್ನು ಕಂಡವರೇ ಇರಲಿಲ್ಲ. ಗಂಡ ತೀರಿಕೊಂಡ ದಿನ ಕೂಡ ಅಳುತ್ತಳುತ್ತಲೇ, ಚಟ್ಟ ಕಟ್ಟುತ್ತಿದ್ದವರಿಗೆ ಗಂಟು ಬಿಗಿಯಾಗಿ ಹಾಕಿ ಎಂದು ಬೈದ ಹೆಂಗಸು. ಅಂಥವಳು ತನ್ನದೇ ಅಂಗಳದಲ್ಲಿ, ಅಷ್ಟು ಜನರ ಎದುರಿಗೆ ಬಾಯಿ ತೆರೆದಳು, ಮಾತು ಬರಲಿಲ್ಲ, ಹಾಗೇ ಮುಚ್ಚಿಕೊಂಡಳು ಎಂದರೆ ಯಾರಿಗೆ ತಾನೇ ದಿಗಿಲಾಗದು! ಪಕ್ಕದ ಮನೆಯ ಲಕ್ಷ್ಮಕ್ಕನಂತೂ ಲಕ್ವ ಹೊಡೆಯಿತೆಂದೇ ತಿಳಿದು ನೀರಿನ ಚೊಂಬು ತರಲು ಓಡಿದಳು.

ಇಷ್ಟಕ್ಕೂ ಕಾರಣ ಒಂದು ಪುಸ್ತಕ. ಅದೂ ಮಕ್ಕಳು ಓದಿ ನಗಲೆಂದು ಬರೆದ ಪುಸ್ತಕ.

ನರಸಮ್ಮನದು ಆಂಧ್ರದ ಗಡಿಯೊಳಗಿನ ಕನ್ನಡದ ಊರು, ಅಲ್ಲಿಂದ ನೋಡಿದರೆ ರತ್ನಗಿರಿಯ ಕೋಟೆ ಕಾಣುತ್ತದೆ. ಆಕೆಗೆ ಒಂದಿಷ್ಟು ಕಡಲೆಕಾಯಿ ಹೊಲ, ಬೋರಿನ ಪಕ್ಕ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳದ ಮನೆ. ಮಗ, ಸೊಸೆ ನಾಗಮಣಿ, ಏಳನೇ ತರಗತಿಯ ಮೊಮ್ಮಗಳು ಮಮತಾ ಎಲ್ಲರೂ ಇದ್ದರು. ಆದರೆ ಮನೆ ನಡೆಯುತ್ತಿದ್ದುದು ಆಕೆಯ ಮಾತಿನಂತೆ. ರೇಷ್ಮೆ ಹುಳಕ್ಕೆ ಘಾಟು ಆಗದು, ಸುವಾಸನೆಯೂ ಆಗದು ಎಂಬುದು ಹುಳ ಸಾಕುವವರಿಗೆಲ್ಲ ಗೊತ್ತು. ನರಸಮ್ಮ ಅದನ್ನೇ ಒಂದು ವ್ರತ ಮಾಡಿಕೊಂಡಿದ್ದಳು. ಹುಳದ ಮನೆಯ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಮೂಸುವಳು. ಮಲ್ಲಿಗೆ ಮುಡಿದವರು ಹಿಂದಕ್ಕೆ, ಬೀಡಿ ಸೇದಿದವರು ಹಿಂದಕ್ಕೆ, ಒಗ್ಗರಣೆ ಹಾಕಿ ಬಂದ ಸೊಸೆಯೂ ಹಿಂದಕ್ಕೆ. ಒಮ್ಮೆ ಶಾಲೆಯ ಗಿರೀಶ್ ಮೇಷ್ಟ್ರು ಮಮತಾಳ ಆಧಾರ್ ಕಾರ್ಡ್ ಕೇಳಲು ಬಂದಾಗ, ಅವರ ಮುಖದ ಪೌಡರು ಅಂಗಳಕ್ಕೆಲ್ಲ ಘಮ್ಮೆಂದಿತು. ನರಸಮ್ಮ ಅವರ ಕೈಗೊಂದು ಒದ್ದೆ ಟವೆಲು ಕೊಟ್ಟು, ಮುಖ ಒರೆಸಿಕೊಂಡ ಮೇಲೇ ಮಾತಾಡಿಸಿದಳು.

ಇನ್ನೊಂದು ಕಟ್ಟಳೆ ಭಾಷೆಯದು. ಮಡಕಶಿರದ ಸಂತೆಯಲ್ಲಿ ತೆಲುಗಿನಲ್ಲೇ ಚೌಕಾಸಿ ಮಾಡಿ ವ್ಯಾಪಾರಿಯನ್ನು ಸುಸ್ತು ಮಾಡುವವಳು, ಮನೆಯ ಹೊಸ್ತಿಲೊಳಗೆ ಒಂದು ತೆಲುಗು ಮಾತನ್ನೂ ಆಡಗೊಡಳು. ಅಕ್ಷರ ಮಾತ್ರ ಆಕೆಗೆ ಎರಡರಲ್ಲೂ ಬಾರದು.

ಕಡಲೆಕಾಯಿ ಕಿತ್ತು ತಂದ ಕಾಲ. ಅಂಗಳದಲ್ಲಿ ಗಿಡದ ರಾಶಿ ಬಿದ್ದಿತ್ತು. ಸಂಜೆಯಾದರೆ ಅಕ್ಕಪಕ್ಕದ ಹೆಂಗಸರು ಸೇರಿ ಗಿಡದಿಂದ ಕಾಯಿ ಬಿಡಿಸುತ್ತಿದ್ದರು. ಮಮತಾ ಜಗಲಿಯ ಕಂಬಕ್ಕೊರಗಿ ಶಾಲೆಯ ಲೈಬ್ರರಿಯಿಂದ ತಂದ ತೆಲುಗು ಪುಸ್ತಕ ಓದುತ್ತಾ ಕಿಸಕ್ಕನೆ ನಕ್ಕಳು.

“ಏನೇ ಅದು, ಒಬ್ಳೇ ನಗ್ತಾ ಕುಂತಿದೀಯ?” ಎಂದಳು ನರಸಮ್ಮ.

“ಕತೆ ಪುಸ್ತಕ ಅಜ್ಜಿ. ಒಂದು ಮನೆ ಕತೆ, ಒಂದು ಇಸ್ಕೂಲ್ ಕತೆ. ಭಾಳ ನಗು ಬತ್ತದೆ.”

“ಹಂಗಾದ್ರೆ ಗಟ್ಟಿಯಾಗಿ ಓದು, ನಾವೂ ನಗಾನ. ತೆಲುಗು ಬ್ಯಾಡ, ಕನ್ನಡದಾಗೇ ಹೇಳು.”

ಆ ಕಡೆಯ ಮಕ್ಕಳಿಗೆ ಇದೇನು ದೊಡ್ಡದಲ್ಲ. ಕಣ್ಣು ತೆಲುಗು ಸಾಲಿನ ಮೇಲೆ ಓಡುತ್ತಿದ್ದರೆ ಬಾಯಲ್ಲಿ ಕನ್ನಡ ಬರುತ್ತಿರುತ್ತದೆ. ಮಮತಾ ಮೊದಲ ಅಧ್ಯಾಯ ಹೇಳಿದಳು. ಅದರಲ್ಲೊಬ್ಬಳು ಹುಡುಗಿ, ಅವಳಿಗೊಬ್ಬಳು ಅಜ್ಜಿ. ಶಾಲೆಗೆ ತಡವಾಯಿತೆಂದು ಮೊಮ್ಮಗಳು ಓಡಿದರೆ, ಅವಳ ಹಿಂದೆಯೇ ಓಡುತ್ತಾ ಜಡೆ ಹೆಣೆಯುವ ಅಜ್ಜಿ. ಮೊಮ್ಮಗಳು ಹೂಕುಂಡ ಒಡೆದರೆ ನಾನೇ ಒಡೆದೆ ಎಂದು ತಪ್ಪು ಹೊತ್ತುಕೊಳ್ಳುವ ಅಜ್ಜಿ.

ನರಸಮ್ಮ ಕೈಯಲ್ಲಿದ್ದ ಗಿಡವನ್ನು ಪಕ್ಕಕ್ಕೆ ಎಸೆದಳು. “ಸಾಕು ಮುಚ್ಚೇ. ಎಂಥ ಸುಳ್ಳು ಪುಸ್ತಕಾನೇ ಅದು! ಅಂಥ ಅಜ್ಜೀರು ಎಲ್ಲೂ ಇರಲ್ಲ.”

ಮಮತಾ ಪುಸ್ತಕ ಮುಚ್ಚಿ ಒಳಗೆ ಹೋದಳು.

ಮಾರನೆಯ ಸಂಜೆ ಮಮತಾ ಮತ್ತೆ ಪುಸ್ತಕ ತೆರೆದಾಗ ಆ ಕತೆಯ ಅಜ್ಜಿಗೆ ಅದ್ಯಾವ ದೆವ್ವ ಹೊಕ್ಕಿತೋ! ರಾತ್ರೋರಾತ್ರಿ ಅವಳ ಮನೆಗೊಂದು ಎಮ್ಮೆ ಬಂದಿತ್ತು. ಎಮ್ಮೆಗೆ ದೃಷ್ಟಿಯಾಗುತ್ತದೆಂದು ಅವಳು ಬಂದವರನ್ನೆಲ್ಲ ಕೊಟ್ಟಿಗೆಯ ಬಾಗಿಲಲ್ಲಿ ತಡೆದು, ಮೂರು ಸುತ್ತು ತಿರುಗಿಸಿ, ಚಪ್ಪಲಿ ಜಾಡಿಸಿ ಒಳಗೆ ಬಿಡುತ್ತಿದ್ದಳು. ಶಾಲೆಯ ಹೆಡ್‌ಮಾಸ್ಟರು ತಿರುಗಿ ತಿರುಗಿ ತಲೆಸುತ್ತು ಬಂದು ಸೆಗಣಿ ರಾಶಿಯ ಮೇಲೆ ಕೂತುಬಿಟ್ಟರು. ನರಸಮ್ಮ ನಕ್ಕಿದ್ದೇ ನಕ್ಕಿದ್ದು. ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ನೋವು.

“ಅಯ್ಯೋ ಹುಚ್ಚು ಮುದುಕಿ! ಎಮ್ಮೆಗೋಸ್ಕರ ಮೇಷ್ಟ್ರನ್ನ ತಿರುಗಿಸ್ತಾಳಂತಲ್ಲೇ! ಲಕ್ಷ್ಮಕ್ಕ, ನಿನ್ನನ್ನ ನೋಡೇ ಬರ್ದವ್ರೆ ಕಣೆ!”

ಲಕ್ಷ್ಮಕ್ಕ ಸೆರಗನ್ನು ಬಾಯಿಗಿಟ್ಟುಕೊಂಡಳು. ನಾಗಮಣಿ ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋದಳು. ಎಲ್ಲರೂ ಕತೆಗೆ ನಗುತ್ತಿದ್ದಾರೆಂದೇ ನರಸಮ್ಮ ತಿಳಿದಳು.

ಇನ್ನೊಂದು ಸಂಜೆ ಆ ಅಜ್ಜಿ ಸೊಸೆಯ ಫೋನನ್ನು ಅಕ್ಕಿ ಮೂಟೆಯೊಳಗೆ ಬಚ್ಚಿಟ್ಟಳು. ಆ ಮೂಟೆ ದೇವಸ್ಥಾನದ ಅನ್ನದಾನಕ್ಕೆ ಹೋಗಿ, ಪೂಜೆಯ ನಡುವೆ ಹಾಡತೊಡಗಿತು. “ನಾನೂ ಟೀವಿ ರಿಮೋಟು ರಾಗಿ ಚೀಲದಾಗೆ ಇಟ್ಟಿದ್ದೆ, ಅದು ಮಿಲ್‌ಗೆ ಹೋಗಿತ್ತು. ಅದು ಬೇರೆ ವಿಷ್ಯ ಬಿಡು,” ಎಂದು ನರಸಮ್ಮ ತಾನಾಗಿಯೇ ಹೇಳಿಕೊಂಡು, ಆ ಮುದುಕಿಯನ್ನು ನೆನೆದು ಮತ್ತೆ ನಕ್ಕಳು. ಬೆಳಗಾದರೆ ಬೋರಿನ ಹತ್ತಿರ, ಹಾಲಿನ ಡೈರಿಯ ಹತ್ತಿರ ಸಿಕ್ಕಸಿಕ್ಕವರಿಗೆಲ್ಲ ಅದೇ ಕತೆ ಹೇಳುವಳು. ಕೇಳಿದವರು ಆಕೆಯ ಮುಖ ನೋಡಿ ನಗುವುದನ್ನು ಕಂಡು, ತಾನು ಚೆನ್ನಾಗಿ ಹೇಳುತ್ತೇನೆಂದು ಹಿಗ್ಗುವಳು.

ಈ ನಗುವಿನ ನಡುವೆಯೇ ಮನೆಯಲ್ಲೊಂದು ಅಳು ಮುಗಿದುಹೋಗಿತ್ತು. ಮಮತಾ ಶಾಲೆಯ ಖೊಖೊ ತಂಡಕ್ಕೆ ಆಯ್ಕೆಯಾಗಿದ್ದಳು. ಮಡಕಶಿರದಲ್ಲಿ ಎರಡು ದಿನದ ಪಂದ್ಯ. ನರಸಮ್ಮ ಆಗದೆಂದಳು, ಅಲ್ಲಿಗೆ ಮಾತು ಮುಗಿಯಿತು. ಆಕೆಯ ಕಾರಣವೂ ಸುಳ್ಳಲ್ಲ. ಅದೇ ದಿನಗಳಲ್ಲಿ ಹುಳ ಹಣ್ಣಾಗುವುದಿತ್ತು. ಹಣ್ಣಾದ ಹುಳ ಮೇವು ಬಿಟ್ಟು, ಮೈ ತಿಳಿಯಾಗಿ, ನೂಲು ಬಿಡಲು ತಲೆ ಎತ್ತಿ ಜಾಗ ಹುಡುಕುತ್ತದೆ. ಆಗ ಒಂದೊಂದನ್ನೂ ಕೈಯಿಂದ ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹುಳ ಸೊಪ್ಪಿನ ಕಸದಲ್ಲೇ ನೂಲು ಸುತ್ತಿಕೊಂಡು ಹಾಳಾಗುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಚುರುಕು ಬೆರಳು ಮಮತಾಳದು. ಹುಡುಗಿ ಅತ್ತಳು, ಊಟ ಬಿಟ್ಟಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ಬುದ್ಧಿ ಬಂತು ಎಂದುಕೊಂಡಳು ನರಸಮ್ಮ.

ಕತೆ ಕೊನೆಯ ಅಧ್ಯಾಯಗಳಿಗೆ ಬಂದಿತ್ತು. ಆ ಸಂಜೆ ಪುಸ್ತಕದ ಹುಡುಗಿ ಓಟದ ಪಂದ್ಯಕ್ಕೆ ಪಟ್ಟಣಕ್ಕೆ ಹೋಗಬೇಕು. ಅವಳ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಎಮ್ಮೆ ಈಯುವ ದಿನ, ಮನೆ ಬಿಟ್ಟು ಹೋಗಕೂಡದು.

ನರಸಮ್ಮ ಎದ್ದೇ ನಿಂತಳು. “ಎಮ್ಮೆ ಈಯೋಕೆ ಆ ಮಗು ಯಾಕೇ ಬೇಕು? ಮುದುಕಿಗೇನು ಕೈ ಬಿದ್ದೋಗವಾ? ಥೂ ಅವ್ಳ! ನಾನಲ್ಲಿದ್ದಿದ್ರೆ ಅವ್ಳನ್ನ ಎಮ್ಮೆ ಗೂಟಕ್ಕೆ ಕಟ್ಟಾಕಿ, ಮಗೂನ ಬಸ್ ಹತ್ತಿಸಿ ಬತ್ತಿದ್ದೆ!”

ಅವತ್ತು ಯಾರೂ ನಗಲಿಲ್ಲ. ಮಮತಾ ಪುಸ್ತಕದಿಂದ ತಲೆ ಎತ್ತಲಿಲ್ಲ.

ಮರುದಿನ ಸಂಜೆ ಗಿರೀಶ್ ಮೇಷ್ಟ್ರು ಬಂದರು. ಹಿಂದಿನ ಅನುಭವದಿಂದ ಪೌಡರ್ ಇಲ್ಲದೆ, ಮುಖ ತೊಳೆದುಕೊಂಡೇ ಬಂದಿದ್ದರು. “ನರಸಮ್ಮನವರೇ, ಮಮತಾಳನ್ನ ಒಂದೇ ಸಲ ಕಳಿಸಿಕೊಡಿ. ನಮ್ಮ ತಂಡದಲ್ಲಿ ಇವಳಷ್ಟು ಚೆನ್ನಾಗಿ ಓಡೋರು ಇಲ್ಲ,” ಎಂದು ಕೈ ಮುಗಿದರು.

“ಅದು ಆಗದ ಮಾತು ಬಿಡಿ ಸಾರ್. ಹುಳ ಹಣ್ಣಾಗೋ ಹೊತ್ತು. ಅದಿರ್ಲಿ, ನಿಮ್ಮ ಪುಸ್ತಕದ ಮುದುಕಿ ಕೊನೇಗಾದ್ರೂ ಆ ಮಗೂನ ಕಳಿಸ್ತಾಳಾ? ಎಮ್ಮೆ ಏನಾಯ್ತು?”

“ಎಮ್ಮೆನಾ? ಯಾವ ಎಮ್ಮೆ?”

“ಅದೇ, ನಿಮ್ಮಂಥ ಹೆಡ್‌ಮಾಸ್ಟರನ್ನ ತಿರುಗಿಸಿ ತಿರುಗಿಸಿ ಸೆಗಣೀಲಿ ಕೂರಿಸಿದ್ಲಲ್ಲ, ಆ ಎಮ್ಮೆ!”

ಮೇಷ್ಟ್ರು ಗಲಿಬಿಲಿಗೊಂಡರು. ಜಗಲಿಯ ಮೇಲಿದ್ದ ಪುಸ್ತಕ ಎತ್ತಿಕೊಂಡು ಹಿಂದೆಮುಂದೆ ತಿರುವಿದರು. “ಇದು ನಾನೇ ಓದಿ ಮಕ್ಕಳಿಗೆ ಕೊಟ್ಟ ಪುಸ್ತಕ. ಇದರಲ್ಲಿ ಎಮ್ಮೆ ಇಲ್ಲ, ಸೆಗಣಿಯೂ ಇಲ್ಲ. ಅಜ್ಜಿ ಇದ್ದಾಳೆ, ತುಂಬಾ ಒಳ್ಳೆಯವಳು. ಇಲ್ಲಿ ನೋಡಿ, ಮೊಮ್ಮಗಳು ಪಂದ್ಯಕ್ಕೆ ಹೊರಡುವ ದಿನ ಅಜ್ಜಿಯೇ ಹೇಳ್ತಾಳೆ.” ಅವರು ಆ ಸಾಲನ್ನು ಇದ್ದ ಹಾಗೇ ತೆಲುಗಿನಲ್ಲಿ ಓದಿದರು: “ಇಂಟಿ ಪನಿ ನೇನು ಚೂಸುಕುಂಟಾನು ತಲ್ಲೀ, ನುವ್ವು ವೆಳ್ಳಿ ಆಡುಕೋ.”

ಮನೆಯ ಕೆಲಸ ನಾನು ನೋಡಿಕೊಳ್ಳುತ್ತೇನಮ್ಮಾ, ನೀನು ಹೋಗಿ ಆಡು. ಸಂತೆಯ ತೆಲುಗು ಬಲ್ಲ ನರಸಮ್ಮನಿಗೆ ಅದು ಯಾರೂ ಬಿಡಿಸಿ ಹೇಳದೆ ಅರ್ಥವಾಯಿತು.

ಹಾಗಾದರೆ ಬಂದವರನ್ನು ಬಾಗಿಲಲ್ಲಿ ತಡೆದವಳು ಯಾರು? ಮೂಟೆಯಲ್ಲಿ ಬಚ್ಚಿಟ್ಟವಳು ಯಾರು? ತಾನು ಥೂ ಎಂದು ಉಗಿದದ್ದು ಯಾರನ್ನು? ಲಕ್ಷ್ಮಕ್ಕನ ಕಡೆ ನೋಡಿದಳು. ಲಕ್ಷ್ಮಕ್ಕ ತಲೆ ತಗ್ಗಿಸಿದಳು. ಸೊಸೆಯ ಕಡೆ ನೋಡಿದಳು. ನಾಗಮಣಿ ಗಿಡ ಬಿಡಿಸುವುದರಲ್ಲಿ ಮುಳುಗಿದ್ದಳು, ಆ ಗಿಡದಲ್ಲಿ ಒಂದು ಕಾಯಿಯೂ ಉಳಿದಿರಲಿಲ್ಲ. ಅಂದರೆ ಎಲ್ಲರಿಗೂ ಗೊತ್ತಿತ್ತು! ಬೋರಿನ ಹತ್ತಿರದವರಿಗೂ ಡೈರಿಯವರಿಗೂ ಗೊತ್ತಿತ್ತು. ಊರೆಲ್ಲ ಸುತ್ತಿ ತನ್ನ ಕತೆಯನ್ನು ತಾನೇ ಸಾರಿ ಬಂದಿದ್ದಳು.

“ಯಾಕೇ ಹಿಂಗ್ ಮಾಡ್ದೆ?” ಎಂದು ಮಮತಾಳ ಮೇಲೆ ಗುಡುಗಿದಳು. “ಪುಸ್ತಕದಾಗೆ ಇದ್ದದ್ದನ್ನ ಹೇಳೋಕೇನಾಗಿತ್ತು ನಿಂಗೆ?”

ಮಮತಾಳ ಕಣ್ಣಲ್ಲಿ ನೀರು ತುಂಬಿತ್ತು. “ಮೊದಲ್ನೇ ದಿನ ಅದ್ನೇ ಹೇಳಿದ್ದೆ ಅಜ್ಜಿ. ಅಂಥ ಅಜ್ಜೀರು ಎಲ್ಲೂ ಇರಲ್ಲ ಅಂತ ನೀನೇ ಅಂದೆ. ನಂಗೂ ಹೌದು ಅನ್ನಿಸ್ತು.”

ಆಗಲೇ ನರಸಮ್ಮನ ಬಾಯಿ ತೆರೆದು, ಮಾತು ಬಾರದೆ ಮುಚ್ಚಿಕೊಂಡದ್ದು. ಆಗಲೇ ಲಕ್ಷ್ಮಕ್ಕ ನೀರಿಗೆ ಓಡಿದ್ದು. ಮೇಷ್ಟ್ರು ಪುಸ್ತಕವನ್ನು ಜಗಲಿಯ ಮೇಲೆ ಮೆಲ್ಲಗಿಟ್ಟು, ಹೇಳದೆ ಕೇಳದೆ ಹೊರಟುಹೋದರು. ನರಸಮ್ಮ ಹುಳದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಳಗಳು ಸೊಪ್ಪು ಮೇಯುವ ಸದ್ದಿನ ನಡುವೆ ಕೂತಳು. ಜನ ನಕ್ಕರೆಂಬ ಸಿಟ್ಟು ಸ್ವಲ್ಪ ಹೊತ್ತಿಗೆ ಇಳಿಯಿತು. ಜನ ಆಕೆಯನ್ನು ಆಡಿಕೊಂಡದ್ದು ಹೊಸದಲ್ಲ. ಇಳಿಯದೆ ಉಳಿದದ್ದು ಆ ಹುಡುಗಿಯ ಕೊನೆಯ ಮಾತು. ಅದರಿಂದ ನೋವಾಯಿತು, ತುಂಬಾ ನೋವಾಯಿತು. ತನ್ನ ಮೊಮ್ಮಗಳಿಗೆ ಒಳ್ಳೆಯ ಅಜ್ಜಿಯೆಂದರೆ ಪುಸ್ತಕದಲ್ಲಿ ಬರೆದ ಸುಳ್ಳು!

ಎಣಿಸಿದಂತೆಯೇ ಪಂದ್ಯದ ದಿನ ಬೆಳಗ್ಗೆ ಹುಳ ಹಣ್ಣಾದವು. ಮಮತಾ ಯಾರೂ ಹೇಳದೆ ಬಂದು ಹುಳದ ತಟ್ಟೆಯ ಮುಂದೆ ಕೂತು ಆಯತೊಡಗಿದಳು. ನರಸಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

“ಕೈ ತೊಳ್ಕಂಡು ಬಟ್ಟೆ ಹಾಕ್ಕ. ಬಸ್ಸು ಬತ್ತದೆ.”

ನಾಗಮಣಿಯ ಕೈಯಿಂದ ಚಂದ್ರಿಕೆ ಜಾರಿತು. “ಅತ್ತೆ, ಹುಳ...” ಎಂದಳು.

“ನನಗೇನು ಕೈ ಬಿದ್ದೋಗವಾ?” ಎಂದು ನರಸಮ್ಮ ಆಗಲೇ ಬೀದಿಗಿಳಿದಿದ್ದಳು. ದಾರಿಯುದ್ದಕ್ಕೂ ಬೈದಳು. ಜಡೆ ಸರಿಯಿಲ್ಲವೆಂದು, ಚೀಲ ಸಣ್ಣದಾಯಿತೆಂದು, ರಾತ್ರಿ ಉಳಿಯುವ ಹಾಸ್ಟೆಲಿನ ತಣ್ಣೀರು ಕುಡಿದು ಕೆಮ್ಮು ತಂದರೆ ಮನೆಗೆ ಸೇರಿಸುವುದಿಲ್ಲವೆಂದು. ಮಮತಾ ಬೆರಗಿನಿಂದ ಆಕೆಯನ್ನೇ ನೋಡುತ್ತಾ ಬಸ್ಸು ಹತ್ತಿದಳು. ಬಸ್ಸು ಹೊರಡುವಾಗ ನರಸಮ್ಮ ಕಿಟಕಿಯ ಜೊತೆಗೇ ಓಡಿ, ಹುರಿದ ಕಡಲೆಕಾಯಿಯ ಗಂಟೊಂದನ್ನು ಒಳಗೆ ಎಸೆದಳು. ಅದು ಕಂಡಕ್ಟರನ ತಲೆಗೆ ಬಿತ್ತು.

ಹುಳದ ಮನೆಯಲ್ಲಿ ಆ ದಿನದ ಪಾಡು ಹೇಳತೀರದು. ನರಸಮ್ಮನ ಬೆರಳು ಹಣ್ಣಾದ ಹುಳದ ಓಟಕ್ಕೆ ಸಾಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಷ್ಟೋ ಹುಳ ಕಸದಲ್ಲೇ ನೂಲು ಸುತ್ತತೊಡಗಿದ್ದವು. ಅಷ್ಟರಲ್ಲಿ ಲಕ್ಷ್ಮಕ್ಕ ಬಂದಳು. ಆಗಷ್ಟೇ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಳು. ಅಭ್ಯಾಸದಂತೆ ಬಾಗಿಲಲ್ಲಿ ನಿಂತು, ಮೂಸಿಸಿಕೊಳ್ಳಲು ಕತ್ತು ಮುಂದೆ ಚಾಚಿದಳು.

“ಅಲ್ಲೇನೇ ನಿಂತ್ಕಂಡೆ? ಒಳಕ್ಕೆ ಬಾ. ಕೈ ತೊಳ್ಕಂಡು ಕುಂತ್ಕ,” ಎಂದಳು ನರಸಮ್ಮ.

ಲಕ್ಷ್ಮಕ್ಕನಿಗೆ ನಂಬಿಕೆಯೇ ಬರಲಿಲ್ಲ. “ನರಸಕ್ಕ, ಮೈಯಾಗೆ ಉಷಾರೈತಾ?” ಎಂದು ಕೇಳಿಯೇ ಒಳಗೆ ಕಾಲಿಟ್ಟಳು. ಸಂಜೆಯವರೆಗೂ ಮೂವರು ಹೆಂಗಸರು ತಲೆ ಎತ್ತದೆ ಆಯ್ದರು. ಹಾಳಾದದ್ದು ಹಾಳಾಯಿತು, ಉಳಿದದ್ದು ಚಂದ್ರಿಕೆ ಸೇರಿತು.

ಮಮತಾ ಮರುದಿನ ಮಂಡಿ ತರಚಿಕೊಂಡು, ಪಂದ್ಯ ಸೋತು, ಮುಖದ ತುಂಬಾ ನಗುತ್ತಾ ಬಂದಳು. ಸಂಜೆ ಉಳಿದ ಗಿಡದ ಸುತ್ತ ಎಲ್ಲರೂ ಕೂತರು. ಪುಸ್ತಕದ ಮಾತೆತ್ತಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ನರಸಮ್ಮನೇ ಕೇಳಿದಳು. “ಎಲ್ಲೇ ನಿನ್ ಪುಸ್ತಕ? ಆ ಕತೆ ಮುಗಿಸಲ್ವಾ?”

ಮಮತಾ ಹೆದರುತ್ತಲೇ ಪುಸ್ತಕ ತೆರೆದಳು. “ಆಮೇಲೆ... ಆ ಅಜ್ಜಿ ಎಮ್ಮೇನ ತಾನೇ ನೋಡ್ಕಂಡು, ಮೊಮ್ಮಗಳನ್ನ ಬಸ್ಸು ಹತ್ತಿಸಿ ಕಳಿಸಿದ್ಲು.”

ನರಸಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ದಾರಿಯುದ್ದಕ್ಕೂ ಬೈದ್ಲು ಅಂತ್ಲೂ ಸೇರಿಸೇ,” ಎಂದಳು. “ಇಲ್ದಿದ್ರೆ ಯಾರೂ ನಂಬಲ್ಲ.”