ಮೀನೆಷ್ಟು, ಐಸೆಷ್ಟು

ಎನಾಮಲ್ ಸುಟ್ಟ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಅಕ್ಕನ ನೆನಪಾಗುತ್ತದೆ. ಮೋಟಾರಿನ ತಾಮ್ರದ ತಂತಿಯ ಮೈಗೆ ಬಳಿದ ತೆಳು ಲೇಪ ಅದು. ಸುಟ್ಟರೆ ಹೊಗೆ ಗಂಟಲಲ್ಲಿ ಕೂತುಬಿಡುತ್ತದೆ, ಎಷ್ಟು ನೀರು ಕುಡಿದರೂ ಇಳಿಯುವುದಿಲ್ಲ. ಹೋದ ವಾರ ಕಾಪುವಿನ ನಮ್ಮ ಮನೆಯ ಬಾವಿಯ ಪಂಪು ಸುಟ್ಟಿತು. ಆದಿ ಉಡುಪಿಯಲ್ಲಿ ಪರಿಚಯದ ವೈಂಡಿಂಗ್ ಅಂಗಡಿ ಉಂಟು, ಅಲ್ಲಿಗೆ ಹೊತ್ತುಕೊಂಡು ಹೋದೆ. ಅಂಗಡಿಯವರು ಮುಚ್ಚಳ ಬಿಚ್ಚಿದ್ದೇ ತಡ, ಆ ವಾಸನೆ... ನಾನು ಅಲ್ಲಿಯೇ ಬೆಂಚಿನ ಮೇಲೆ ಕೂತೆ.

ಅಕ್ಕ ಎಂದರೆ ಒಡಹುಟ್ಟಿದವರೆಂದು ತಿಳಿಯಬೇಡಿ. ನಾನು ಈ ಜಿಲ್ಲೆಯದೇ ಒಂದು ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದಾಗ ಲ್ಯಾಬಿನಲ್ಲಿ ಮೊದಲೇ ಇದ್ದ ಸೀನಿಯರ್ ಅವರು. ಎರ್ಮಾಳಿನ ಕಡೆಯವರು. ಅಪ್ಪ ಪಾತಿದೋಣಿಯಲ್ಲಿ ಹೊಳೆಬಾಯಿಯ ತನಕ ಹುಟ್ಟು ಹಾಕಿ ಮೀನು ಹಿಡಿಯುವವರು. ಭುಜ ಸೋತಿತ್ತು, ಆದರೂ ದೋಣಿ ಬಿಡುತ್ತಿರಲಿಲ್ಲ. ಅಂಥ ಸಣ್ಣ ದೋಣಿಗೆ ಕೂರಿಸುವ ಹಗುರ ಬ್ಯಾಟರಿ ಮೋಟಾರು ಮಾಡಬೇಕು, ಅದರ ಮೇಲೆಯೇ ಡಾಕ್ಟರೇಟ್ ಆಗಬೇಕು, ಮೊದಲನೆಯ ಮೋಟಾರು ಅಪ್ಪನ ದೋಣಿಗೆ ಹೋಗಬೇಕು. ಅಕ್ಕನಿಗೆ ಇದ್ದದ್ದು ಅದೊಂದೇ ಹಟ.

ಮೋಟಾರಿನ ಕಬ್ಬಿಣದಲ್ಲಿ ಸುತ್ತಲೂ ಸಂದು ಕೊರೆದಿರುತ್ತದೆ, ಅದಕ್ಕೆ ಸ್ಲಾಟ್ ಅನ್ನುತ್ತೇವೆ. ಅದರೊಳಗೆ ತಂತಿ ತುಂಬಿಸುವುದು ಕೈಯಿಂದಲೇ. ಅಕ್ಕ ಅದಕ್ಕೆ ಬಿದಿರಿನ ಪಟ್ಟಿಯೊಂದನ್ನು ತಾವೇ ಕೆತ್ತಿಕೊಂಡಿದ್ದರು. ತಂತಿಯನ್ನು ಒಳಗೆ ದೂಡುವ ಮೊದಲು ಆ ಪಟ್ಟಿಯನ್ನು ಬೈತಲೆಯ ಹತ್ತಿರ ಕೂದಲಿಗೆ ಎರಡು ಸಲ ತೀಡುತ್ತಿದ್ದರು. ತಲೆಯ ಎಣ್ಣೆ ಹತ್ತಿ ಪಟ್ಟಿ ನಯವಾಗಿ ಜಾರಬೇಕು, ಎನಾಮಲ್ ತರಚಬಾರದು. "ತಮ್ಮಾ, ತಂತಿಗೂ ಚರ್ಮ ಉಂಟು ಮಾರಾಯ," ಅನ್ನುತ್ತಿದ್ದರು.

ನಮ್ಮ ಗೈಡ್ ಸಾರ್ ಮಾತ್ರ ಬೇರೆ ಮಣ್ಣಿನವರು. ಪಾಠ ಮಾಡಲು ನಿಂತರೆ ಬಾಯಿ ತೆರೆದು ಕೇಳಬೇಕು, ಅಷ್ಟು ಚಂದ. ನಮಗೆಲ್ಲ ಹೇಳಿದ ಮೊದಲ ಪಾಠವೇ ಫಿಲ್ಲಿಂಗ್ ಫ್ಯಾಕ್ಟರಿನದ್ದು. ಇದ್ದ ಜಾಗದಲ್ಲಿ ಕೆಲಸಕ್ಕೆ ಬರುವುದು ಎಷ್ಟು ಪಾಲು, ಎಲ್ಲ ಸಂಶೋಧನೆಯೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ ಅನ್ನುತ್ತಿದ್ದರು. ಮಣಿಪಾಲದ ಸ್ಕ್ಯಾನಿಂಗ್ ಕೋಣೆಯಲ್ಲಿ ಸುರುಳಿಯ ಒಳಗನ್ನು ರೋಗಿಯ ಮೈ ಎಷ್ಟು ತುಂಬುತ್ತದೋ ಚಿತ್ರ ಅಷ್ಟು ಸ್ಪಷ್ಟ. ಸೋಲಾರ್ ಸೆಲ್ಲಿನಲ್ಲಿ ವಿದ್ಯುತ್ತಿನ ಗ್ರಾಫಿನ ಗೆರೆ ಚೌಕದ ಆಕಾರಕ್ಕೆ ಎಷ್ಟು ಹತ್ತಿರವೋ ಸೆಲ್ ಅಷ್ಟು ಒಳ್ಳೆಯದು. ನಾನು ಸಂಶೋಧನೆಗೆ ಆರಿಸಿಕೊಂಡಿದ್ದ ವಿಷಯ ಅದು. ಕೊರೆಯುವ ಚಳಿಯಲ್ಲಿ, ದೊಡ್ಡ ಅಯಸ್ಕಾಂತದ ನಡುವೆ ಎಲೆಕ್ಟ್ರಾನುಗಳು ಮಾಳಿಗೆ ಮಾಳಿಗೆಯಾಗಿ ತುಂಬುತ್ತವೆ, ಮಾಳಿಗೆ ಸರಿಯಾಗಿ ಭರ್ತಿಯಾದರೆ ಕರೆಂಟು ತಡೆಯಿಲ್ಲದೆ ಹರಿಯುತ್ತದೆ. ಮೋಟಾರಿನಲ್ಲಿ ಸ್ಲಾಟಿಗೆ ಎಷ್ಟು ತಾಮ್ರ ಹಿಡಿಸಿತೋ ಅಷ್ಟು ಬಲ. ಹೀಗೆ ಹೇಳುತ್ತಾ ಹೋದರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುತ್ತಿರಲಿಲ್ಲ.

ಆದರೆ ಯಾರಾದರೂ ಪ್ರಶ್ನೆ ಕೇಳಿದರೋ, ಮುಗಿಯಿತು. ಕೇಳಿದವನನ್ನು ಬೋರ್ಡಿನ ಎದುರು ನಿಲ್ಲಿಸಿ ಅದೇ ಪ್ರಶ್ನೆಯನ್ನು ಅವನಿಗೇ ಕೇಳುವುದು. ಉತ್ತರ ಬಾರದೆ ಅವನು ಬೆವರುವುದನ್ನು ನೋಡುತ್ತಾ ಚಹಾ ಕುಡಿಯುವುದು. "ಇವರ ತಲೆಯ ಫಿಲ್ಲಿಂಗ್ ಫ್ಯಾಕ್ಟರ್ ಎಷ್ಟು, ಯಾರಾದ್ರೂ ಅಳತೆ ಮಾಡಿ ನೋಡುವಾ," ಅನ್ನುವುದು. ಬೈಗುಳವನ್ನೂ ಬಹುವಚನದಲ್ಲಿಯೇ ಹೇಳುತ್ತಿದ್ದರು. ಒಂದು ತಿಂಗಳಾಗುವಷ್ಟರಲ್ಲಿ ಲ್ಯಾಬಿನಲ್ಲಿ ಯಾರಿಗೂ ಯಾವ ಸಂಶಯವೂ ಉಳಿದಿರಲಿಲ್ಲ.

ಅಕ್ಕನ ಮೊದಲ ಮೋಟಾರು ತಯಾರಾದ ದಿನ ನಾನೂ ಇದ್ದೆ. ನೀರಿನ ತೊಟ್ಟಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಗಿತು, ಮುಟ್ಟಿದರೆ ಉಗುರು ಬೆಚ್ಚಗೆ. ಅಕ್ಕ ಲೆಕ್ಕ ಒಪ್ಪಿಸಿದರು: ಸ್ಲಾಟಿನ ನೂರು ಪಾಲಿನಲ್ಲಿ ತಾಮ್ರ ನಲವತ್ತು ಚಿಲ್ಲರೆ. ಸಾರ್ ಕನ್ನಡಕ ಮೇಲೇರಿಸಿದರು.

"ಬೇರೆ ಲ್ಯಾಬಿನವರು ಎಪ್ಪತ್ತು ದಾಟಿಸಿ ಕೂತಿದ್ದಾರೆ. ಎಂತ ಎರ್ಮಾಳಿನವರೇ, ನಿಮ್ಮೂರಲ್ಲಿ ಪೆಟ್ಟಿಗೆಗೆ ಬಂಗುಡೆ ತುಂಬಿಸುವಾಗ ಹೀಗೇ ಅರ್ಧ ಖಾಲಿ ಬಿಡ್ತಾರಾ?"

"ಬಿಡ್ತಾರೆ ಸಾರ್, ಐಸಿಗೆ. ಇಲ್ಲದಿದ್ರೆ ಮೀನು ಹಾಳಾಗ್ತದೆ."

"ಓ! ಹಾಗಾದ್ರೆ ಪೆಟ್ಟಿಗೆ ತುಂಬಿತು ಅನ್ನುವಾಗ ಐಸನ್ನೂ ಸೇರಿಸ್ತೀರಾ, ಮೀನು ಮಾತ್ರವಾ?"

ಎಲ್ಲರೂ ನಕ್ಕರು. ಜಾತಿಯ ಮೇಲೆ, ಮೀನಿನ ವಾಸನೆಯ ಮೇಲೆ ಸಾರ್ ಆಡುವ ಮಾತುಗಳಿಗೆ ನಕ್ಕು ನಕ್ಕು ಎಲ್ಲರಿಗೂ ಅದೇ ಅಭ್ಯಾಸ. ಅಕ್ಕ ತಲೆ ತಗ್ಗಿಸಿದರು. ಅದೂ ಅಂಥದ್ದೇ ಕೊಂಕು ಎಂದುಕೊಂಡರು ಪಾಪ. ಆ ಸಂಜೆಯೇ ಸಾರ್ ಮೋಟಾರನ್ನು ಉಳಿಯಿಂದ ಕಡಿಸಿ ತಂತಿ ಕಿತ್ತು ಹಾಕಿಸಿದರು. ಕಡಿದದ್ದು ಅಕ್ಕನದೇ ಕೈ.

ಆಮೇಲೆ ಸುಮಾರು ಎರಡು ವರ್ಷ... ಸುತ್ತುವುದು, ಕೀಳುವುದು, ಮತ್ತೆ ಸುತ್ತುವುದು. ಓದಿದ ಪ್ರಬಂಧಗಳಲ್ಲಿ ಎಪ್ಪತ್ತು, ಎಪ್ಪತ್ತೈದು ಎಂದೇ ಇರುತ್ತಿತ್ತು. ಅದು ಯಾವುದರ ಲೆಕ್ಕ ಎಂದು ಬಿಡಿಸಿ ಬರೆದವರು ಒಬ್ಬರೂ ಸಿಗಲಿಲ್ಲ. ಅಕ್ಕನ ಬೆರಳ ತುದಿ ಒಡೆದು ಗೀರು ಗೀರಾಗಿತ್ತು. ಅತ್ತ ಅಪ್ಪನ ಭುಜ ಪೂರಾ ಬಿದ್ದುಹೋಯಿತು, ದೋಣಿಯನ್ನು ಮಗುಚಿ ಹಾಕಿದರು ಎಂದು ಒಂದು ದಿನ ಊಟ ಮಾಡುತ್ತಾ ಹೇಳಿದರು, ಮತ್ತೆ ಆ ಮಾತು ಎತ್ತಲಿಲ್ಲ. ಇತ್ತ ಪ್ರಬಂಧ ಒಪ್ಪಿಸುವ ಅವಧಿಯೂ ಮುಗಿಯುತ್ತಾ ಬಂತು.

ಕೊನೆಗೆ ಹೊರಗಿನ ತಜ್ಞರ ಎದುರು ತೋರಿಸುವ ದಿನ. ಅಕ್ಕ ಹೇಗೋ ಐವತ್ತು ದಾಟಿಸಿದ್ದರು. ಹಾಗೆ ಗಿಡಿದು ತುಂಬಿಸಿದರೆ ಎಣ್ಣೆ ತೀಡಿದ ಪಟ್ಟಿಗೂ ದಾರಿ ಇರುವುದಿಲ್ಲ, ತಂತಿಯ ಚರ್ಮ ಸುಲಿದೇ ಸುಲಿಯುತ್ತದೆ. ಸ್ವಿಚ್ ಹಾಕಿದರು. ಮೋಟಾರು ಒಮ್ಮೆ ಗುಂಯ್ ಅಂದಿತು, ತಂತಿಗೆ ತಂತಿ ತಾಗಿತು, ಹೊಗೆ ಎದ್ದಿತು. ಆ ವಾಸನೆ.

"ಕಿಟಕಿ ತೆರೆಯಿರಿ," ಅಂದರು ಸಾರ್. ನಿಧಾನವಾಗಿ ಎದ್ದು ಬೋರ್ಡಿನ ಮೇಲೆ ಒಂದು ಸ್ಲಾಟ್ ಬರೆದರು, ಒಳಗೆ ದುಂಡು ತಂತಿಗಳು, ಪ್ರತಿ ತಂತಿಯ ಸುತ್ತ ಎನಾಮಲಿನ ಬಳೆ, ತಂತಿ ತಂತಿಯ ನಡುವೆ ಉಳಿದೇ ಉಳಿಯುವ ಸಂದು. "ಬೇರೆ ಲ್ಯಾಬಿನವರು ಎಪ್ಪತ್ತೈದು ಅನ್ನುವುದು ಎನಾಮಲನ್ನೂ ಸೇರಿಸಿ ಇಡೀ ತಂತಿಯನ್ನು ಎಣಿಸಿ, ಅದೂ ದುಂಡು ತಂತಿ ಒಂದೊಂದನ್ನು ಚೌಕವಾಗಿ ಹಿಡಿದು. ಇವರು ಬರೀ ತಾಮ್ರ ಎಣಿಸಿದ್ದಾರೆ. ಅವರ ಹಾಗೆ ಎಣಿಸಿದ್ರೆ ಇವರ ಮೊದಲನೇ ಮೋಟಾರೂ ಎಪ್ಪತ್ತೈದೇ. ನಾನು ಬಂಗುಡೆಯ ದಿನವೇ ಹೇಳಿದ್ದೆನಲ್ಲ, ಮೀನೆಷ್ಟು ಐಸೆಷ್ಟು ಅಂತ?"

ಅಕ್ಕನ ಕೈಯಲ್ಲಿ ಬಿದಿರಿನ ಪಟ್ಟಿ ಹಾಗೆಯೇ ಇತ್ತು. "ನಿಮಗೆ ಗೊತ್ತಿತ್ತಾ ಸಾರ್?"

"ಮೊದಲ ದಿನದಿಂದ. ನೀವು ಕೇಳ್ತೀರಾ ಅಂತ ಕಾಯ್ತಾ ಇದ್ದೆ. ಕೇಳಲಿಕ್ಕೆ ಬಾರದವರಿಗೆ ಎಂತಕ್ಕೆ ಡಾಕ್ಟರೇಟ್?"

ತಜ್ಞರಲ್ಲಿ ಒಬ್ಬರು ಕೆಮ್ಮಿದರು. ಹೊಗೆಗೋ ಏನೋ.

ಬಸ್ ಸ್ಟಾಪಿನವರೆಗೆ ಅಕ್ಕನ ಚೀಲ ನಾನೇ ಹಿಡಿದುಕೊಂಡು ಹೋದೆ. ಅವರು ಅಳಲಿಲ್ಲ. ಕಾರ್ಕಳದ ಕಡೆಯಿಂದ ಬಸ್ಸು ಬರುವುದು ಕಂಡಾಗ ಚೀಲ ತೆಗೆದುಕೊಂಡು, "ತಮ್ಮಾ, ನಾನೇನಾದ್ರೂ ಮುಂದೆ ಪಾಠ ಹೇಳುವವಳಾದ್ರೆ ಮೊದಲ ದಿನವೇ ಹೇಳಿಬಿಡ್ತೇನೆ. ಮೀನೆಷ್ಟು, ಐಸೆಷ್ಟು, ಎಲ್ಲ," ಅಂದರು. ಬಸ್ಸು ಹತ್ತಿ ಕಿಟಕಿಯಿಂದ ಕೈ ಬೀಸಿದರು... ಅಷ್ಟೇ. ಘಟ್ಟದ ಮೇಲೆ ಎಲ್ಲೋ ಸೇರಿ ಡಾಕ್ಟರೇಟ್ ಮುಗಿಸಿದರಂತೆ ಎಂದು ಬಹಳ ಕಾಲದ ನಂತರ ಯಾರೋ ಹೇಳಿದ್ದು ಬಿಟ್ಟರೆ ಬೇರೆ ಸುದ್ದಿ ಇರಲಿಲ್ಲ.

ಇದನ್ನೆಲ್ಲ ನೆನೆಯುತ್ತಾ ಕೂತಿದ್ದೆ ಅಂಗಡಿಯಲ್ಲಿ. ಪಕ್ಕದಲ್ಲಿ ಕಾಲೇಜಿನ ಗುರುತಿನ ಚೀಟಿ ತೂಗುಹಾಕಿಕೊಂಡ ಒಬ್ಬಳು ಹುಡುಗಿ, ಮಡಿಲಲ್ಲಿ ಸಣ್ಣದೊಂದು ಮೋಟಾರು. ಅದನ್ನು ಬಿಚ್ಚಿ ಹಾಕಿ ಎಂದು ಅಂಗಡಿಯವರಿಗೆ ಹೇಳುತ್ತಿದ್ದಳು.

"ಇಷ್ಟು ಚಂದ ಸುತ್ತಿದ್ದನ್ನು ಬಿಚ್ಚುದಾ? ತಲೆ ಸಮ ಉಂಟಾ ನಿಂಗೆ?" ಅಂದರು ಅವರು.

"ಫಿಲ್ಲಿಂಗ್ ಸಾಲದಂತೆ ಅಣ್ಣ," ಅನ್ನುತ್ತಾ ಅವಳು ಹೊರಗೆ ಬಂದಿದ್ದ ಒಂದು ಎಳೆಯನ್ನು ಒಳಗೆ ಸೇರಿಸಲು ಚೀಲದಿಂದ ಬಿದಿರಿನ ಪಟ್ಟಿ ತೆಗೆದಳು. ಬೈತಲೆಯ ಹತ್ತಿರ ಕೂದಲಿಗೆ ಎರಡು ಸಲ ತೀಡಿದಳು.

ನನಗೆ ಎದೆ ತುಂಬಿ ಬಂತು. "ಇದು ಯಾರು ಕಲಿಸಿದ್ದಮ್ಮ?" ಅಂದೆ.

"ನಮ್ಮ ಗೈಡ್ ಮೇಡಂ ಸಾರ್. ಈ ಊರ ಕಡೆಯವರೇ." ಮುಖ ಸಣ್ಣ ಮಾಡಿ ಹೇಳಿದಳು: "ನನ್ನದು ನಲವತ್ತೆರಡು ಬಂದಿದೆ. ಬೇರೆಯವರು ಎಪ್ಪತ್ತು ಮಾಡ್ತಾರೆ, ನಿನಗೆ ಎಂತ ಧಾಡಿ ಅಂತಾರೆ. ಕೇಳುವಾ ಅಂದ್ರೆ ಹೆದರಿಕೆ. ಮೇಲಿಂದ ಎಂತದೋ ಬಂಗುಡೆ, ಐಸು ಅಂತ ತಮಾಷೆ ಮಾಡ್ತಾರೆ. ಎಲ್ಲರೂ ನಗ್ತಾರೆ, ನಾನೂ ನಗ್ತೇನೆ."

ಅಂಗಡಿಯವರು ನನ್ನ ಪಂಪಿನ ಸುಟ್ಟ ತಂತಿ ಕೀಳುತ್ತಿದ್ದರು.

ಆಮೇಲೆ ಹೇಳಿದೆ. ಎನಾಮಲ್ ಸೇರಿಸಿ, ತಂತಿಯನ್ನು ಚೌಕವಾಗಿ ಹಿಡಿದು ಒಂದು ಲೆಕ್ಕ, ಬರೀ ತಾಮ್ರದ್ದು ಒಂದು ಲೆಕ್ಕ. ನಮ್ಮ ಲ್ಯಾಬಿನಲ್ಲಿ ಒಬ್ಬರು ಅಕ್ಕ ಇದ್ದರು, ಅವರಿಗೆ ಹೀಗೇ ಆಗಿತ್ತು, ನೀನು ಇದನ್ನು ಬಿಚ್ಚಬೇಡ ಅಂದೆ. ಮೀನಿನ ಮಾತು ಎತ್ತಲಿಲ್ಲ. ಹುಡುಗಿ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದಳು, ಎಪ್ಪತ್ತು ದಾಟಿತು. ಮುಖ ಅರಳಿತು.

"ಅಯ್ಯೋ, ಮೇಡಂ ಹೇಳುವ ಐಸು ಇದೇ ಅಲ್ವಾ! ಪಾಪ, ಅವರು ಸೂಚನೆ ಕೊಡ್ತಾನೇ ಇದ್ರು. ನನಗೇ ತಲೆ ಇಲ್ಲ."

ಮೋಟಾರನ್ನು ಜೋಪಾನವಾಗಿ ಪೇಪರಿನಲ್ಲಿ ಸುತ್ತಿ ಎದ್ದವಳು ತಿರುಗಿ ನಿಂತಳು.

"ಆ ನಿಮ್ಮ ಅಕ್ಕ ಈಗ ಎಲ್ಲಿದ್ದಾರೆ ಸಾರ್?"

"ಇಲ್ಲಮ್ಮ," ಅಂದೆ. "ಅವರು ತೀರಿಹೋಗಿ ತುಂಬಾ ವರ್ಷ ಆಯಿತು."